ಸಕ್ಕರೆಗೆ ಎರಡು ಅಳತೆ

ರಕ್ತದ ಸಕ್ಕರೆ ಬೆಂಗಳೂರಿನ ಲ್ಯಾಬ್ ವರದಿಯಲ್ಲಿ 126 ಎಂದಿದ್ದರೆ, ಅಷ್ಟೇ ಸಕ್ಕರೆಯನ್ನು ಲಂಡನ್ನಿನ ವರದಿ 7 ಎಂದು ಬರೆಯುತ್ತದೆ. ಎರಡೂ ಸರಿಯೇ. ಇಲ್ಲಿ ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ತೂಕ ಹೇಳುತ್ತಾರೆ. ಅಲ್ಲಿ ಲೀಟರಿಗೆ ಎಷ್ಟು ಮಿಲಿಮೋಲ್ ಎಂದು ಅಣುಗಳ ಲೆಕ್ಕ ಕೊಡುತ್ತಾರೆ.

ತೂಕದ ಲೆಕ್ಕವೇ ಹಳೆಯದು. ಆದರೆ ರಾಸಾಯನಿಕ ಕ್ರಿಯೆ ನಡೆಯುವುದು ಅಣುಗಳ ಸಂಖ್ಯೆಗೆ ತಕ್ಕಂತೆ. 19ನೇ ಶತಮಾನದ ಕೊನೆಯಲ್ಲಿ ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅಣುಗಳ ಲೆಕ್ಕಕ್ಕೆ ಒದಗುವ 'ಮೋಲ್' ಎಂಬ ಮಾನವನ್ನು ಬಳಕೆಗೆ ತಂದರು. 1971ರಲ್ಲಿ ಅದು ಅಂತರರಾಷ್ಟ್ರೀಯ ಮಾನಪದ್ಧತಿಯ ಏಳನೆಯ ಮೂಲಮಾನವಾಯಿತು. 1977ರಲ್ಲಿ ವಿಶ್ವ ಆರೋಗ್ಯ ಸಭೆಯು ವೈದ್ಯಕೀಯ ಕ್ಷೇತ್ರವೂ ಈ ಪದ್ಧತಿಯನ್ನೇ ಅನುಸರಿಸಬೇಕೆಂದು ಶಿಫಾರಸು ಮಾಡಿತು.

ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳು ಬದಲಾದವು. ಭಾರತ ಮತ್ತು ಅಮೆರಿಕದ ಲ್ಯಾಬುಗಳು ಸಕ್ಕರೆಯ ಮಟ್ಟಿಗೆ ಮಿಲಿಗ್ರಾಂ ಬಿಡಲಿಲ್ಲ.

ಒಂದರಿಂದ ಇನ್ನೊಂದಕ್ಕೆ ದಾಟಲು ಬೇಕಾದದ್ದು ಆಯಾ ವಸ್ತುವಿನ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲಿನ ತೂಕ. ಗ್ಲೂಕೋಸಿನ ಒಂದು ಮೋಲ್ ಸುಮಾರು 180 ಗ್ರಾಂ ತೂಗುತ್ತದೆ. ಒಂದು ಮಿಲಿಮೋಲ್ 180 ಮಿಲಿಗ್ರಾಂ. ಲೀಟರಿನ ಹತ್ತನೇ ಒಂದು ಭಾಗವಾದ ಡೆಸಿಲೀಟರಿಗೆ ಅದು 18 ಮಿಲಿಗ್ರಾಂ. 126ನ್ನು 18ರಿಂದ ಭಾಗಿಸಿದರೆ 7.

ಕೊಲೆಸ್ಟ್ರಾಲ್‌ಗೆ ಈ 18 ನಡೆಯದು. ಅದರ ಮೋಲ್ ತೂಕ ಸುಮಾರು 387 ಗ್ರಾಂ ಆದ್ದರಿಂದ ಭಾಜಕ 38.7, ಇಲ್ಲಿನ 200 ಅಲ್ಲಿ ಸುಮಾರು 5.2 ಆಗುತ್ತದೆ.