ಶ್ರೀರಂಗಪಟ್ಟಣದ ಬಳಿಕ ಬಂದ ಕರೆಗಳು

ಬಿಕ್ಕೋಡಿನಿಂದ ಸಕಲೇಶಪುರದತ್ತ ಸಾಗುವ ದಾರಿಯ ಇಕ್ಕೆಲಗಳಲ್ಲಿ ಇಂದು ಕಾಣುವುದು ಕಾಫಿ ತೋಟಗಳು ಮತ್ತು ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು. ಇನ್ನೂರು ವರ್ಷಗಳ ಹಿಂದೆ ಇದು ಬಲಂ ಪಾಳೆಯಗಾರರ ಸೀಮೆ. ಪಶ್ಚಿಮಕ್ಕೆ ಹೋದಂತೆ ದಟ್ಟವಾದ ಕಾಡು. ಟಿಪ್ಪು ಸುಲ್ತಾನರು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ನಾವು ಹತ್ತಿ ನೋಡುತ್ತೇವೆ, ಅದರ ರಚನೆಯನ್ನು ಕೊಂಡಾಡುತ್ತೇವೆ. ಆದರೆ ಇಂತಹ ಕೋಟೆಗಳನ್ನು ಕಾದ ಸಿಪಾಯಿಗಳು 1799ರ ಮೇ 4ರ ನಂತರ ಏನಾದರು ಎಂದು ಕೇಳುವವರು ವಿರಳ. ನಮ್ಮ ಭಾಷಣಗಳಲ್ಲೂ ಬರಹಗಳಲ್ಲೂ ಕಥೆಯು ಸುಲ್ತಾನರ ಶಹಾದತ್‌ನೊಂದಿಗೆ ಮುಗಿದುಬಿಡುತ್ತದೆ. ಸಿಪಾಯಿಯ ಪಾಲಿಗೆ ಅದು ಮುಗಿದಿರಲಿಲ್ಲ.

ಒಮ್ಮೆ ಆಯುಧ ಕೆಳಗಿಟ್ಟವನನ್ನು ಮರಳಿ ಕರೆಯುವ ಹಕ್ಕು ಯಾರಿಗಿದೆ? ಇಂದಿನ ಭೂಸೇನೆಯಲ್ಲಿ ಇದಕ್ಕೆ ನಿಯಮವಿದೆ. ನಿವೃತ್ತನಾದ ಜವಾನನು ಸಾಮಾನ್ಯವಾಗಿ 2 ವರ್ಷ ಮೀಸಲು ಪಟ್ಟಿಯಲ್ಲಿರುತ್ತಾನೆ. ಯುದ್ಧ ಬಂದರೆ ಸರಕಾರ ಅವನನ್ನು ಕರೆಯಬಹುದು. 1799ರಲ್ಲಿ ಪಟ್ಟಿಯನ್ನು ಇಟ್ಟಿದ್ದ ರಾಜ್ಯವೇ ಅಳಿದುಹೋಗಿತ್ತು. ಸಂಬಳ ನಿಂತಿತು, ದಳಗಳು ಚದುರಿದವು. ಕತ್ತಿ ಮತ್ತು ಕುದುರೆಯ ಹೊರತು ಬೇರೆ ಕಸುಬು ಅರಿಯದ ಸಾವಿರಾರು ಮಂದಿ ಮನೆಗೆ ಮರಳಿದರು. ಅವರಿಗೆ ಮೂರೇ ವರ್ಷಗಳಲ್ಲಿ ಹಲವು ದಿಕ್ಕುಗಳಿಂದ ಕರೆ ಬಂತು.

ಮೊದಲ ಕರೆ ಧೋಂಡಿಯಾ ವಾಘ್‌ನದು. ಸುಲ್ತಾನರ ಸೆರೆಮನೆಯಲ್ಲಿದ್ದ ಈತ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು, ಕೆಲಸ ಕಳೆದುಕೊಂಡ ಸಿಪಾಯಿಗಳನ್ನು ಕೂಡಿಸಿಕೊಂಡು ಬಿದನೂರು, ಶಿವಮೊಗ್ಗ ಭಾಗಗಳನ್ನು ವಶಪಡಿಸಿಕೊಂಡ. ಸುಲ್ತಾನರು ಬಂಧಿಸಿಟ್ಟಿದ್ದವನ ಬಾವುಟದ ಕೆಳಗೆ ಸುಲ್ತಾನರದೇ ಸಿಪಾಯಿಗಳು ನಿಂತರು! ನಿಷ್ಠೆಯೆಂಬುದು ಹಸಿವಿನ ಮುಂದೆ ಎಷ್ಟು ತಿರುವು ಪಡೆಯುತ್ತದೆಂದು ಹಗುರವಾಗಿ ತೀರ್ಪು ಕೊಡಲು ನಮಗೆ ಮನಸ್ಸಿಲ್ಲ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಎಂಬಲ್ಲಿ ಆರ್ಥರ್ ವೆಲ್ಲೆಸ್ಲಿಯ ಕುದುರೆ ದಳದೆದುರು ಧೋಂಡಿಯಾ ಸತ್ತ. ಅವನ ಪಡೆ ಚೆಲ್ಲಾಪಿಲ್ಲಿಯಾಯಿತು.

ಎರಡನೆಯ ಕರೆ ದಿವಾನ್ ಪೂರ್ಣಯ್ಯನವರದು. ಸುಲ್ತಾನರ ಆಡಳಿತದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದ ಅವರೇ ಈಗ ಒಡೆಯರ ಹೆಸರಿನಲ್ಲಿ ಕರೆಯುತ್ತಿದ್ದರು. ಹಳೆಯ ಸವಾರರಲ್ಲಿ ಆಯ್ದವರಿಗೆ ಸಿಲ್ಲೇದಾರ್ ದಳದಲ್ಲಿ ಸ್ಥಾನ ದೊರೆಯಿತು. ಸಿಲ್ಲೇದಾರನ ಕುದುರೆ ಅವನದೇ. ಅದು ಸತ್ತರೆ ನಷ್ಟವೂ ಅವನದೇ. ಇದರ ಜೊತೆಗೆ ಮೈಸೂರಿನಲ್ಲಿ ಕಂದಾಚಾರ ಎಂಬ ಹಳೆಯ ಏರ್ಪಾಡಿತ್ತು. ಕಂದಾಚಾರದವನು ಶಾಂತಿಕಾಲದಲ್ಲಿ ತನ್ನ ಊರಿನಲ್ಲಿ ಉಳುತ್ತಾನೆ, ಠಾಣೆ ಕಾಯುತ್ತಾನೆ, ಸರಕಾರದ ಟಪಾಲು ಒಯ್ಯುತ್ತಾನೆ. ಕರೆ ಬಂದಾಗ ಆಯುಧ ಹಿಡಿದು ಹೊರಡುತ್ತಾನೆ. ಪೂರ್ಣಯ್ಯನವರ ಕಾಲದಲ್ಲಿ ಇಂಥವರ ಸಂಖ್ಯೆ 20 ಸಾವಿರದಷ್ಟಿತ್ತು. ಮೀಸಲು ಸೇನೆಯೆಂಬ ಮಾತು ನಮ್ಮ ಭಾಷೆಗೆ ಬರುವ ಮುನ್ನವೇ ಆ ವ್ಯವಸ್ಥೆ ನಮ್ಮ ಹಳ್ಳಿಗಳಲ್ಲಿತ್ತು.

ಅದರ ಬಲ ಪ್ರಯೋಗವಾದದ್ದು ನಮ್ಮ ನೆರೆಯಲ್ಲೇ. ಸುಲ್ತಾನರ ಪತನದ ಬಳಿಕ ಬಲಂ ಪಾಳೆಯಗಾರ ವೆಂಕಟಾದ್ರಿ ನಾಯಕ ಸ್ವತಂತ್ರನಾಗಲು ಹೊರಟು ಘಟ್ಟದ ದಾರಿಗಳನ್ನು ಹಿಡಿದಿದ್ದ. 1800ರಲ್ಲಿ ಅರಕೆರೆಯ ಕಾಡುಕೋಟೆಯ ಮೇಲೆ ಬಿದ್ದ ಕಂಪನಿಯ ಪಡೆ ಮೊದಲು ಹಿಮ್ಮೆಟ್ಟಬೇಕಾಯಿತು. 1802ರ ಜನವರಿಯಲ್ಲಿ ವೆಲ್ಲೆಸ್ಲಿ ತಾನೇ ಬಂದು ಅದನ್ನು ಗೆದ್ದ. ಆಮೇಲೆ ಕಾಡು ಕಡಿದು ರಸ್ತೆ ಮಾಡುವ, ಹಳ್ಳಿಗಳ ಕಾವಲು ಬೇಲಿಗಳನ್ನು ಕೆಡವುವ ಕೆಲಸ ನಡೆಯಿತು. ಮೈಸೂರಿನ ಜನರೂ ಈ ಕಾರ್ಯಾಚರಣೆಯಲ್ಲಿದ್ದರು. ನಾಯಕ ಸೆರೆಸಿಕ್ಕಿದ, ಗಲ್ಲಿಗೇರಿದ.

ಮರು ವರ್ಷ, 1803ರ ಸೆಪ್ಟೆಂಬರ್ 23ರಂದು ಅಸಾಯೆಯ ಯುದ್ಧದಲ್ಲಿ ಮೈಸೂರಿನ ಕುದುರೆ ದಳ ವೆಲ್ಲೆಸ್ಲಿಯ ಜೊತೆಗಿತ್ತು. 1807ರ ಒಪ್ಪಂದದಲ್ಲಿ 4,000 ಸವಾರರನ್ನು ಸದಾ ಸಿದ್ಧವಾಗಿಡಬೇಕೆಂದು ನಿಗದಿಯಾಯಿತು. (ಮೈಸೂರು ಲ್ಯಾನ್ಸರ್ಸ್ ಹೈಫಾ ನಗರವನ್ನು ಗೆಲ್ಲುವಲ್ಲಿ ಪಾಲ್ಗೊಂಡದ್ದೂ ಸೆಪ್ಟೆಂಬರ್ 23ರಂದೇ, 1918ರಲ್ಲಿ. ಕಾಕತಾಳೀಯವಾದರೂ ನೆನಪಿಡಲು ಅನುಕೂಲ.)

ಮರಳಿ ಕರೆಯುವ ಮಾತು ಬಂದಾಗ ಹಮ್ರಾಉಲ್ ಅಸದ್ ನಮಗೆ ನೆನಪಾಗದಿರದು. ಹಿಜರಿ 3ನೇ ವರ್ಷ, ಉಹುದ್ ಯುದ್ಧದ ಮರುದಿನ, ಗಾಯಗಳಿನ್ನೂ ಹಸಿಯಾಗಿದ್ದಾಗಲೇ ಪ್ರವಾದಿಯವರು(ಸ) ಶತ್ರುವನ್ನು ಬೆನ್ನಟ್ಟಲು ಕರೆ ಕೊಟ್ಟರು. ಕರೆ ಎಲ್ಲರಿಗಲ್ಲ, ಹಿಂದಿನ ದಿನ ಉಹುದ್‌ನಲ್ಲಿದ್ದವರಿಗೆ ಮಾತ್ರ. ತಂಗಿಯರ ಆರೈಕೆಗೆಂದು ತಂದೆಯ ಆಜ್ಞೆಯಂತೆ ಮನೆಯಲ್ಲುಳಿದಿದ್ದ ಜಾಬಿರ್ ಬಿನ್ ಅಬ್ದುಲ್ಲಾ(ರ) ಅನುಮತಿ ಬೇಡಿದರು. ಅವರ ತಂದೆ ಉಹುದ್‌ನಲ್ಲಿ ಹುತಾತ್ಮರಾಗಿದ್ದರು. ಅನುಮತಿ ದೊರೆಯಿತು. ಕರೆಗೆ ಓಗೊಟ್ಟ ಆ ಗಾಯಾಳುಗಳನ್ನು ಪವಿತ್ರ ಕುರ್‌ಆನ್ ಆಲಿ ಇಮ್ರಾನ್ ಅಧ್ಯಾಯದಲ್ಲಿ ಪ್ರಶಂಸಿಸಿದೆ. ಮುಂದೆ ಖಲೀಫಾ ಉಮರ್(ರ) ದೀವಾನ್ ಎಂಬ ದಾಖಲೆ ಪುಸ್ತಕ ತೆರೆದು ಯೋಧರ ಹೆಸರುಗಳನ್ನೂ ಅವರ ವಾರ್ಷಿಕ ವೇತನವನ್ನೂ ಬರೆಸಿದರು. ಅವರ ಮಡದಿ ಮಕ್ಕಳಿಗೂ ಅದರಲ್ಲಿ ಪಾಲಿತ್ತು. ಕರೆಯುವವನಿಗೂ ಬರುವವನಿಗೂ ನಡುವೆ ಅಲ್ಲೊಂದು ಋಣವಿತ್ತು.

ಮೈಸೂರಿನ ಸಿಪಾಯಿಗೆ ಮೂರನೆಯ ಕರೆ ಬಂದದ್ದು ಕಂಪನಿಯಿಂದಲೇ. ಗೆದ್ದವರ ಸೇನೆಯಲ್ಲಿ ಹೆಸರು ಬರೆಸಿದರೆ ತಿಂಗಳ ಸಂಬಳ ಖಚಿತವಿತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಪನಿಯ ನೌಕರ; ಸುಲ್ತಾನರ ಬಗ್ಗೆ ಅವನಿಗೆ ಕನಿಕರವಿರಲಿಲ್ಲ. ಆದ್ದರಿಂದಲೇ ಅವನ ಸಾಕ್ಷ್ಯಕ್ಕೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ರಾಜ್ಯದ ಪೂರ್ವ ಭಾಗದಲ್ಲಿ ಸುಲ್ತಾನರ ಹಳೆಯ ಸಿಪಾಯಿಗಳು ದಿನವೂ ಬಂದು ನೆಲೆಸುತ್ತಿದ್ದುದನ್ನು ಅವನು ಕಂಡ. ಕೈಯಲ್ಲಿ ನಾಲ್ಕು ಕಾಸಿದ್ದವರು ಧಾನ್ಯದ ಸಣ್ಣ ವ್ಯಾಪಾರಕ್ಕಿಳಿದಿದ್ದರು. ಏನೂ ಇಲ್ಲದವರು ರೈತರ ಮನೆಗಳಲ್ಲಿ ಆಳುಗಳಾಗಿದ್ದರು. ಬೇಸಾಯ ಬಾರದವರೆಂದು ರೈತರು ಬೇರೆ ಆಳು ಸಿಗದಾಗಷ್ಟೇ ಇವರನ್ನು ಕರೆಯುತ್ತಿದ್ದರು. ಕೂಲಿ ತಿಂಗಳಿಗೆ 30 ಸೇರು ಧಾನ್ಯ ಮತ್ತು ಒಂದು ಹಣ. ತಮ್ಮ ಸುಲ್ತಾನರನ್ನು ಕೊಂದವರ ಸೇನೆಗೆ ಸೇರುವುದಕ್ಕಿಂತ ಅವರಿಗೆ ಇದೇ ಲೇಸೆನಿಸಿತ್ತೆಂದು ಬುಕಾನನ್ ದಾಖಲಿಸಿದ್ದಾನೆ. ಅವರ ಕೂಲಿಯನ್ನು ಸೇರಿನ ಲೆಕ್ಕದಲ್ಲಿ ಬರೆದುಕೊಂಡ ಅವನು ಹೆಸರುಗಳನ್ನು ಬರೆದುಕೊಳ್ಳಲಿಲ್ಲ.