ಮನೆಯಂಗಳದಲ್ಲಿ ಕಳ್ಳಿ ಗಿಡಗಳ ಕಸಿ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಹೆಚ್.ಡಿ.ಕೋಟೆ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

‘ಕಳ್ಳಿ’ ಎಂಬ ಒಂದೇ ಹೆಸರಿನಿಂದ ಕರೆಯಲಾಗುವ ಗಿಡಗಳು ವಾಸ್ತವವಾಗಿ ಎರಡು ಬೇರೆ ಸಸ್ಯ ಕುಟುಂಬಗಳಿಗೆ ಸೇರಿರುತ್ತವೆ. ಪಾಪಾಸುಕಳ್ಳಿ, ಡ್ರ್ಯಾಗನ್ ಫ್ರೂಟ್ ಹಾಗೂ ಕುಂಡಗಳಲ್ಲಿ ಬೆಳೆಸುವ ಗುಂಡು ಕಳ್ಳಿಗಳು ಅಮೆರಿಕ ಖಂಡಗಳ ಮೂಲದ ಕ್ಯಾಕ್ಟಸ್ ಕುಟುಂಬದವು. ಬೇಲಿಗಳಲ್ಲಿ ಕಾಣುವ ಎಲೆಗಳ್ಳಿಯು ಹರಳು ಗಿಡದ ಕುಟುಂಬಕ್ಕೆ ಸೇರಿದ ಯೂಫೋರ್ಬಿಯಾ ಆಗಿದ್ದು, ಗಾಯವಾದೊಡನೆ ಬಿಳಿ ಹಾಲು ಸುರಿಸುತ್ತದೆ. ಕೆಲವು ಕ್ಯಾಕ್ಟಸ್‌ಗಳಲ್ಲಿಯೂ ಹಾಲು ಬರುವುದುಂಟು. ಆದ್ದರಿಂದ ಮುಳ್ಳಿನ ಬುಡದಲ್ಲಿ ಹತ್ತಿಯಂತಹ ಸಣ್ಣ ದಿಂಬು ಇದೆಯೇ ಎಂದು ನೋಡತಕ್ಕದ್ದು. ಅದು ಇದ್ದಲ್ಲಿ ಕ್ಯಾಕ್ಟಸ್.

ಒಂದು ಕುಟುಂಬದ ಕುಡಿಯು ಇನ್ನೊಂದು ಕುಟುಂಬದ ಬೇರುಸಸಿಯ ಮೇಲೆ ಕೂಡುವುದಿಲ್ಲ. ಮನೆಗಳಲ್ಲಿ ಮಾಡುವ ಕಸಿ ವಿಫಲವಾಗಲು ಇದೂ ಒಂದು ಕಾರಣ. ಕೆಂಪು ಮತ್ತು ಹಳದಿ ಗುಂಡು ಕಳ್ಳಿಗಳಲ್ಲಿ ಪತ್ರಹರಿತ್ತು ಸಾಲದಿರುವುದರಿಂದ ಅವು ಸ್ವಂತ ಬೇರಿನ ಮೇಲೆ ಬದುಕಲಾರವು. 1940ರ ದಶಕದಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ಇವನ್ನು ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಕಾಂಡದ ಮೇಲೆ ಕಸಿ ಮಾಡಿ ಮಾರಲಾಗುತ್ತದೆ. ಕಾಂಡ ಕೊಳೆಯತೊಡಗಿದರೆ ಗುಂಡನ್ನು ಕೂಡಲೇ ಬೇರೊಂದು ಕಾಂಡಕ್ಕೆ ವರ್ಗಾಯಿಸಿ ಉಳಿಸಿಕೊಳ್ಳಬಹುದು. ‘ಕೋರಲ್ ಕ್ಯಾಕ್ಟಸ್’ ಎಂದು ಮಾರಲಾಗುವ ಬೀಸಣಿಗೆಯಾಕಾರದ ಗಿಡವು ಹೆಸರಿಗಷ್ಟೇ ಕ್ಯಾಕ್ಟಸ್. ಅದರ ಬುಡ ನಮ್ಮ ಎಲೆಗಳ್ಳಿಯೇ.

ಕಸಿಗೆ ಫೆಬ್ರವರಿಯಿಂದ ಮೇ ವರೆಗಿನ ಒಣ ಹವೆ ಸೂಕ್ತ. 10ರಿಂದ 15 ಸೆಂ.ಮೀ. ಉದ್ದದ ಡ್ರ್ಯಾಗನ್ ಫ್ರೂಟ್ ಕಾಂಡವನ್ನು ಒಂದು ವಾರ ನೆರಳಿನಲ್ಲಿ ಒಣಗಿಸಿ ನೆಡತಕ್ಕದ್ದು. ಬೇರೂರಿದ ನಂತರ ಸ್ಪಿರಿಟ್‌ನಿಂದ ಒರೆಸಿದ ಬ್ಲೇಡಿನಲ್ಲಿ ತುದಿಯನ್ನು ಸಮತಟ್ಟಾಗಿ ಕತ್ತರಿಸಿ, ಅಂಚುಗಳನ್ನು ಓರೆಯಾಗಿ ಕೆತ್ತಬೇಕು. ಕಾಂಡ ಮತ್ತು ಕುಡಿ ಎರಡರ ನಡುವೆಯೂ ಒಂದು ಉಂಗುರ ಕಾಣುತ್ತದೆ. ಈ ಉಂಗುರಗಳು ಒಂದು ಕಡೆಯಾದರೂ ಒಂದರ ಮೇಲೊಂದು ಬೀಳುವಂತೆ ಕೂರಿಸಿ, ಕುಂಡದ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುವುದು. ಕತ್ತರಿಸಿದ ಭಾಗ ಒಣಗುವ ಮೊದಲೇ ಈ ಕೆಲಸ ಮುಗಿಯಬೇಕು. ಹತ್ತು ದಿನ ನೆರಳಿನಲ್ಲಿಟ್ಟು, ಕಸಿಯ ಮೇಲೆ ನೀರು ಬೀಳದಂತೆ ನೋಡಿಕೊಳ್ಳುವುದು.

ಭತ್ತದ ಗದ್ದೆಯ ಜಿಗುಟು ಮಣ್ಣು ಕುಂಡಕ್ಕೆ ಬೇಡ. ಮರಳು ಮತ್ತು ಕೆಂಪು ಮಣ್ಣಿಗೆ ಸುಟ್ಟ ಭತ್ತದ ಹೊಟ್ಟನ್ನು ಬೆರೆಸಿದರೆ ಸಾಕು, ಕೆ.ಆರ್.ನಗರದಂತಹ ಭತ್ತದ ಸೀಮೆಯಲ್ಲಿ ಹೊಟ್ಟಿಗೆ ಕೊರತೆಯಿಲ್ಲ. ಹೆಚ್.ಡಿ.ಕೋಟೆಯ ಕೇರಳ ಗಡಿಭಾಗದಲ್ಲಿ ಮಳೆ ಹೆಚ್ಚಿರುವುದರಿಂದ ಮುಂಗಾರಿನಲ್ಲಿ ಕುಂಡಗಳನ್ನು ಸೂರಿನಡಿ ಇಡುವುದು ಅವಶ್ಯ.

ಎಚ್ಚರಿಕೆ: ಯೂಫೋರ್ಬಿಯಾ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿಯುಂಟಾಗಿ ದೃಷ್ಟಿಗೆ ಅಪಾಯವಾಗಬಹುದು. ಕತ್ತರಿಸುವಾಗ ಕೈಗವಸು ಮತ್ತು ಕನ್ನಡಕ ಧರಿಸುವುದು, ಮಕ್ಕಳನ್ನು ದೂರವಿರಿಸುವುದು. ಹಾಲು ಕಣ್ಣಿಗೆ ತಗುಲಿದಲ್ಲಿ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಮನೆಮದ್ದು ಹಾಕಬಾರದು.

ನಾಗರಹೊಳೆ ಮತ್ತು ಬಂಡೀಪುರ ರಾಷ್ಟ್ರೀಯ ಉದ್ಯಾನಗಳಿಂದ ಗಿಡಗಳನ್ನು ಕಿತ್ತು ತರುವುದು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಉಲ್ಲಂಘನೆಯಾಗುತ್ತದೆ. ವಿದೇಶದಿಂದ ಅಂಚೆ ಮೂಲಕ ಗಿಡ ತರಿಸುವವರು 2003ರ ಸಸ್ಯ ಸಂಗರೋಧ ಆದೇಶದ ನಿಬಂಧನೆಗಳಿಗೆ ಒಳಪಡುತ್ತಾರೆ. ಹೆಚ್ಚಿನ ಮಾಹಿತಿಗೆ ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದು.