ಸರೋವರದ ತಳದಿಂದ ಬಂದ ವಿಮಾನ

ಇಂಗ್ಲೆಂಡಿನ ಸರ್ರೆಯಲ್ಲಿರುವ ಬ್ರೂಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯಕ್ಕೆ ಹೋದವರಿಗೆ ಲೋಹದ ಪಟ್ಟಿಗಳಿಂದ ಹೆಣೆದ ಭಾರಿ ಬುಟ್ಟಿಯಂಥ ವಿಮಾನವೊಂದು ಕಾಣಸಿಗುತ್ತದೆ. ಇದು ಎರಡನೆಯ ಮಹಾಯುದ್ಧದ ವೆಲಿಂಗ್ಟನ್ ಬಾಂಬರ್. ಹೆಸರು 'ಆರ್ ಫಾರ್ ರಾಬರ್ಟ್'.

1939ರಲ್ಲಿ ಇದೇ ಸ್ಥಳದ ವಿಕರ್ಸ್ ಕಾರ್ಖಾನೆಯಲ್ಲಿ ತಯಾರಾದ ಈ ವಿಮಾನ, 1940ರ ಡಿಸೆಂಬರ್ 31ರಂದು ತರಬೇತಿ ಹಾರಾಟದಲ್ಲಿದ್ದಾಗ ಎಂಜಿನ್ ಕೆಟ್ಟು ಸ್ಕಾಟ್ಲೆಂಡಿನ ನೆಸ್ ಸರೋವರಕ್ಕೆ ಇಳಿಯಬೇಕಾಯಿತು. ಪ್ಯಾರಾಷೂಟ್ ಕಟ್ಟಿಕೊಂಡು ಜಿಗಿದವರಲ್ಲಿ ಒಬ್ಬ ಸಾವನ್ನಪ್ಪಿದ. ಚಾಲಕರಿಬ್ಬರು ವಿಮಾನವನ್ನು ನೀರಿನ ಮೇಲಿಳಿಸಿ ಪಾರಾದರು. 1976ರಲ್ಲಿ ಸರೋವರದ ದಂತಕಥೆಯ 'ದೈತ್ಯಪ್ರಾಣಿ'ಯನ್ನು ಸೋನಾರ್ ಉಪಕರಣದಿಂದ ಹುಡುಕುತ್ತಿದ್ದವರಿಗೆ ಪ್ರಾಣಿಯ ಬದಲು ಈ ವಿಮಾನ ಸಿಕ್ಕಿತು! 1985ರಲ್ಲಿ ಅದನ್ನು ಮೇಲೆತ್ತಿ, ಹುಟ್ಟಿದ ಊರಿಗೇ ತರಲಾಯಿತು.

45 ವರ್ಷ ನೀರಿನಲ್ಲಿದ್ದ ಲೋಹ ಉಳಿದದ್ದಾದರೂ ಹೇಗೆ? ಸಮುದ್ರದ ನೀರಿನಲ್ಲಿರುವ ಕ್ಲೋರೈಡ್ ಅಯಾನುಗಳು ಅಲ್ಯೂಮಿನಿಯಮ್ ಮಿಶ್ರಲೋಹವನ್ನು ಬೇಗ ಕೊರೆಯುತ್ತವೆ. ಸರೋವರದ್ದು ತಂಪಾದ ಸಿಹಿನೀರು; ಅಲ್ಲಿ ಸವೆತ ನಿಧಾನ.

ಈ ವಿಮಾನದ ನಿಜವಾದ ಪಾಠ ಅದರ ಹೆಣಿಗೆಯಲ್ಲಿದೆ. ಬಾರ್ನ್ಸ್ ವಾಲಿಸ್ ಎಂಬ ಎಂಜಿನಿಯರ್ ರೂಪಿಸಿದ ಈ ರಚನೆಗೆ ಜಿಯೋಡೆಟಿಕ್ ರಚನೆ ಎಂದು ಹೆಸರು. ಡ್ಯುರಾಲುಮಿನ್ ಪಟ್ಟಿಗಳು ಎರಡು ದಿಕ್ಕಿನಿಂದ ಸುರುಳಿಯಾಗಿ ಬಂದು ಒಂದನ್ನೊಂದು ಅಡ್ಡ ಹಾಯುತ್ತವೆ. ತಿರುಚುವ ಬಲ ಬಿದ್ದಾಗ ಒಂದು ಸಾಲು ಎಳೆತಕ್ಕೂ ಇನ್ನೊಂದು ಒತ್ತಡಕ್ಕೂ ಒಳಗಾಗಿ, ಪರಸ್ಪರ ಆಧಾರವಾಗುತ್ತವೆ. ಗುಂಡು ತಗುಲಿ ಕೆಲವು ಪಟ್ಟಿಗಳು ತುಂಡಾದರೂ ಭಾರ ಉಳಿದ ದಾರಿಗಳಲ್ಲಿ ಸಾಗುತ್ತದೆ. ನಮ್ಮ ಬಿದಿರಿನ ಬುಟ್ಟಿಯಲ್ಲಿ ಒಂದೆರಡು ಸೀಳು ಮುರಿದರೂ ಬುಟ್ಟಿ ಕುಸಿಯುವುದಿಲ್ಲವಷ್ಟೆ! ಹೆಣಿಗೆಯ ಮೇಲೆ ಬಟ್ಟೆ ಹೊದಿಸಿ ಮೆರುಗು ದ್ರಾವಣ ಬಳಿಯುತ್ತಿದ್ದರು. ಆದರೆ ಹೆಚ್ಚಿನ ವೇಗಕ್ಕೂ ಒಳಗೆ ಗಾಳಿಯೊತ್ತಡ ಕಾಯ್ದುಕೊಳ್ಳುವುದಕ್ಕೂ ಬಟ್ಟೆಯ ಹೊದಿಕೆ ಒಗ್ಗದು. ಹೀಗಾಗಿ ಭಾರ ಹೊರುವ ಲೋಹದ ಹೊದಿಕೆಯೇ ಗೆದ್ದಿತು. ಜಿಯೋಡೆಟಿಕ್ ವಿಧಾನ ಮೂಲೆಗೆ ಸರಿಯಿತು.

ಬಳಕೆ ನಿಂತ ವಿಧಾನದ ಜೊತೆಗೆ ಅದನ್ನು ಬಲ್ಲ ಕೈಗಳೂ ಕಣ್ಮರೆಯಾಗುತ್ತವೆ. ಆದ್ದರಿಂದಲೇ ಬ್ರೂಕ್‌ಲ್ಯಾಂಡ್ಸಿನ ಸ್ವಯಂಸೇವಕರ ಕೆಲಸ ಬರಿಯ ದುರಸ್ತಿಯಲ್ಲ. ವರ್ಷಗಟ್ಟಲೆ ಅವರು ಕೆಸರು ತೊಳೆದು, ತುಕ್ಕು ತೆಗೆದು, ಬಾಗಿದ ಹಾಗೂ ಕಳೆದುಹೋದ ಭಾಗಗಳನ್ನು ಮರುರೂಪಿಸಿದರು. ಹೊಸ ಬಟ್ಟೆ ಹೊದಿಸಿ ಬಣ್ಣ ಬಳಿದಿದ್ದರೆ ವಿಮಾನ ಹೊಸದರಂತೆ ಹೊಳೆಯುತ್ತಿತ್ತು. ಆದರೆ ವಾಲಿಸರ ವಿಚಾರ ಅದರಡಿ ಮುಚ್ಚಿಹೋಗುತ್ತಿತ್ತು. ಅವರು ದೇಹದ ಬಹುಭಾಗವನ್ನು ತೆರೆದೇ ಇಟ್ಟರು.

11,461 ವೆಲಿಂಗ್ಟನ್‌ಗಳು ತಯಾರಾಗಿದ್ದವು. ಹೆಚ್ಚುಕಡಿಮೆ ಪೂರ್ಣರೂಪದಲ್ಲಿ ಉಳಿದವು ಎರಡೇ. ನಕ್ಷೆಗಳು ರಚನೆಯ ಆಕಾರವನ್ನು ಹೇಳಿಯಾವು. ಬಲ ಹರಿಯುವ ದಾರಿಯನ್ನು ಕಣ್ಣಾರೆ ತೋರಿಸಲು ವಸ್ತುವೇ ಬೇಕು.